ಸಿ ಡ್ರೈವ್ ಕೆಂಪಾಯ್ತು, ಜಾಗ ತಿಂದೋರು ಯಾರು?

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ರಾಗ, "ಲ್ಯಾಪ್‌ಟಾಪ್‌ಗೆ ನಾನೇನೂ ಹಾಕಿಲ್ಲ, ಆದ್ರೂ ಜಾಗ ಖಾಲಿ". ನಮ್ಮ ಭಾಷೇಲಿ ಜಾಗ ಖಾಲಿ ಅಂದ್ರೆ ಎರಡರ್ಥ ನೋಡಿ, ಜಾಗ ಇದೆ ಅಂತಾನೂ ಆಗುತ್ತೆ, ಜಾಗ ಮುಗೀತು ಅಂತಾನೂ ಆಗುತ್ತೆ, ಹಂಗಾಗಿ ಅಂಗಡಿಗೆ ಫೋನ್ ಮಾಡೋರನ್ನ ನಾನು ಮೊದಲು ಕೇಳೋದೇ ಯಾವ ಖಾಲಿ ಅಂತ. ಈ ಸಲ ಎಲ್ಲಾ ಅದೇ ಪ್ರಶ್ನೆಗಳನ್ನ ಒಟ್ಟಿಗೆ ತಗೊಂಡಿದೀನಿ, ಪ್ರಿಂಟರ್, ವೈಫೈ ಅಂತ ಬರೆದೋರು ಮುಂದಿನ ತಿಂಗಳವರೆಗೂ ಕಾಯ್ಬೇಕು, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಸರ್, ನಾನು ಒಂದು ಕಾಫಿ ಎಸ್ಟೇಟಲ್ಲಿ ರೈಟರು, ಅಂದ್ರೆ ಲೆಕ್ಕ ಬರೆಯೋನು. ಆಫೀಸಲ್ಲಿರೋದು ಒಂದೇ ಲ್ಯಾಪ್‌ಟಾಪ್, 256 ಜಿಬಿ ಎಸ್‌ಎಸ್‌ಡಿ, 8 ಜಿಬಿ ರ‍್ಯಾಮ್, ವಿಂಡೋಸ್ 11. ಚೆಕ್ ರೋಲು (ಆಳುಗಳ ಹಾಜರಿ ಪಟ್ಟಿ), ಬಟವಾಡೆ ಲೆಕ್ಕ, ಗೊಬ್ಬರದ ಬಿಲ್ಲು ಎಲ್ಲಾ ಎಕ್ಸೆಲಲ್ಲಿ, ಎಲ್ಲಾ ಸೇರಿಸಿದ್ರೂ ಒಂದು ಜಿಬಿ ದಾಟಲ್ಲ. ಆದ್ರೆ ಸಿ ಡ್ರೈವ್ 237ರಲ್ಲಿ 226 ತುಂಬಿ ಕೆಂಪಾಗಿ ಕೂತಿದೆ. ಸಿ ಓಪನ್ ಮಾಡಿ ಎಲ್ಲಾ ಫೋಲ್ಡರ್ ಸೆಲೆಕ್ಟ್ ಮಾಡಿ ಪ್ರಾಪರ್ಟೀಸ್ ನೋಡಿದ್ರೆ ಬರೀ 95 ಜಿಬಿ. ಮಿಕ್ಕ 131 ಎಲ್ಲಿ ಹೋಯ್ತು? ಹಳೇ ಫೋಟೋ, ವಿಡಿಯೋ ಎಷ್ಟು ಡಿಲೀಟ್ ಮಾಡಿದ್ರೂ ಕೆಂಪು ಹೋಗ್ತಾನೇ ಇಲ್ಲ, ದಿನಾ ಎರಡು ಮೂರು ಜಿಬಿ ಬೇರೆ ಕರಗುತ್ತೆ. ಅಳಿಯ ವೈರಸ್ ಅಂತಾನೆ, ಫಾರ್ಮ್ಯಾಟ್ ಹೊಡೆಸಿ ಅಂತಾನೆ. ಹಣ್ಣು ಕೊಯ್ಲು ಶುರುವಾಗಿದೆ, ಈಗ ಫಾರ್ಮ್ಯಾಟ್ ಅಂದ್ರೆ ಧಣಿಗಳು ನನ್ನನ್ನೇ ಫಾರ್ಮ್ಯಾಟ್ ಮಾಡ್ತಾರೆ.
(ಒಬ್ಬ ರೈಟರು, ಮೂಡಿಗೆರೆ ತಾಲ್ಲೂಕು)

ಉತ್ತರ: ರೈಟರ್ರೇ, ಮೊದಲು ನಿಮಗೊಂದು ಶಹಭಾಸ್. ಪತ್ರ ಬರೆಯೋರು ಸಾಮಾನ್ಯವಾಗಿ ಫುಲ್ ಆಗಿದೆ ಅಂತಾರೆ ಅಷ್ಟೇ, ನೀವು ಒಟ್ಟು ಎಷ್ಟು, ಕಾಣೋದು ಎಷ್ಟು, ವ್ಯತ್ಯಾಸ ಎಷ್ಟು ಅಂತ ಬಟವಾಡೆ ಪುಸ್ತಕದ ಥರ ಮೂರು ಅಂಕಿ ಬರೆದು ಕಳಿಸಿದ್ರಿ, ಅರ್ಧ ಕೆಲಸ ಅಲ್ಲೇ ಮುಗೀತು. ಫೋನ್ ನಂಬರೂ ಬರೆದಿದ್ರಿಂದ ಒಂದು ಸಂಜೆ ಫೋನಲ್ಲೇ ಕೂತು ಇಬ್ಬರೂ ಹುಡುಕಿದ್ವಿ. ಅದನ್ನ ಎಲ್ಲರಿಗೂ ಉಪಯೋಗ ಆಗ್ಲಿ ಅಂತ ಇಲ್ಲಿ ಹೇಳ್ತಿದೀನಿ.

ನೀವು ಎಲ್ಲಾ ಸೆಲೆಕ್ಟ್ ಮಾಡಿದೆ ಅಂದ್ರಲ್ಲ, ಅದು ಎಲ್ಲಾ ಅಲ್ಲ. ವಿಂಡೋಸ್ ನಿಮ್ಮ ಕಣ್ಣಿಗೆ ತೋರಿಸೋ ಫೋಲ್ಡರ್ ಬೇರೆ, ಹಿಡನ್ ಅಂತ ಮುಚ್ಚಿಟ್ಟಿರೋದು ಬೇರೆ. ಪ್ರೋಗ್ರಾಂಡೇಟಾ ಅಂತ ಒಂದು ಫೋಲ್ಡರ್, ರೀಸೈಕಲ್ ಬಿನ್ನಿನ ಒಳಗಿನ ಫೋಲ್ಡರ್, ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಶನ್ ಅಂತ ಇನ್ನೊಂದು, ಜೊತೆಗೆ ಪೇಜ್‌ಫೈಲ್, ಹೈಬರ್‌ಫೈಲ್ ಅಂತ ಎರಡು ದೊಡ್ಡ ಫೈಲು, ಇವೆಲ್ಲಾ ಸಿ ಡ್ರೈವ್‌ನಲ್ಲೇ ಇರುತ್ವೆ ಆದ್ರೆ ಕಾಣಲ್ಲ. ಕಾಣೋ ಹಾಗೆ ಮಾಡ್ಕೊಂಡ್ರೂ ಕೆಲವಕ್ಕೆ ಒಳಗೆ ಹೋಗೋಕೆ ನಿಮಗೆ ಪರ್ಮಿಶನ್ ಇರಲ್ಲ, ಪರ್ಮಿಶನ್ ಇಲ್ಲದ ಫೋಲ್ಡರ್‌ನ ಪ್ರಾಪರ್ಟೀಸ್ ಸೊನ್ನೆ ಅಂತ ತೋರಿಸುತ್ತೆ. ಅಂದ್ರೆ ಬಾಗಿಲಿಗೆ ಬೀಗ ಹಾಕಿರೋ ಗೋಡೌನ್‌ನಲ್ಲಿ ಮೂಟೆ ಇಲ್ಲ ಅಂತ ಬರ್ಕೊಂಡ ಹಾಗೆ ಆಯ್ತು.

ಹಂಗಾಗಿ ಕೈಯಲ್ಲಿ ಕೂಡಿಸೋದು ಬಿಟ್ಟು ವಿಜ್‌ಟ್ರೀ ಅನ್ನೋ ಪ್ರೋಗ್ರಾಂ ಹಾಕ್ಸಿದೆ. ವಿನ್‌ಡರ್‌ಸ್ಟ್ಯಾಟ್, ಟ್ರೀಸೈಜ್ ಅಂತಾನೂ ಇವೆ, ಯಾವುದಾದ್ರೂ ಆಗುತ್ತೆ, ವಿಜ್‌ಟ್ರೀ ಡಿಸ್ಕಿನ ಫೈಲ್ ಪಟ್ಟಿಯನ್ನೇ ನೇರ ಓದೋದ್ರಿಂದ ಕೆಲವೇ ಸೆಕೆಂಡಲ್ಲಿ ಲೆಕ್ಕ ಕೊಡುತ್ತೆ, ಅದಕ್ಕೆ ನನಗೆ ಇಷ್ಟ. ಒಂದೇ ಒಂದು ವಿಷಯ ಮರೀಬಾರದು, ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಅಂತಾನೇ ತೆಗೀಬೇಕು. ಹಾಗೇ ತೆಗೆದ್ರೆ ಅದಕ್ಕೂ ಆ ಬೀಗ ಹಾಕಿರೋ ಗೋಡೌನ್ ಕಾಣಲ್ಲ.

ರೈಟರು ಓದ್ತಾ ಹೋದ್ರು, ನಾನು ಬರ್ಕೊಂಡೆ. ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಶನ್, 66 ಜಿಬಿ. ಪ್ರೋಗ್ರಾಂಡೇಟಾ ಒಳಗೆ ಕ್ಯಾಮೆರಾ ಕಂಪನಿ ಹೆಸರಿಂದು ಒಂದು ಫೋಲ್ಡರ್, 41. ರೀಸೈಕಲ್ ಬಿನ್, 12. ಪೇಜ್‌ಫೈಲ್, ಹೈಬರ್‌ಫೈಲ್ ಎರಡೂ ಸೇರಿ 12. ಆ ಕಡೆಯಿಂದ ಒಂದು ಕ್ಷಣ ಸದ್ದಿಲ್ಲ, ಆಮೇಲೆ "ಸರ್, 131, ಲೆಕ್ಕ ತಾಳೆ ಆಯ್ತು" ಅಂದ್ರು. ಆ ಖುಷಿ ಇದ್ಯಲ್ಲ, ಅದು ಬಟವಾಡೆ ದಿನ ಕೊನೇ ನೋಟಿನವರೆಗೂ ಸರಿ ಹೋದಾಗ ಬರೋ ಖುಷಿ, ಇನ್ನೂ ಒಂದು ಜಿಬಿನೂ ವಾಪಸ್ ಬಂದಿರ್ಲಿಲ್ಲ ಆಗ!

ಈಗ ಒಂದೊಂದಾಗಿ. ಸುಲಭದ್ದು ರೀಸೈಕಲ್ ಬಿನ್. ಡಿಲೀಟ್ ಒತ್ತಿದ್ರೆ ಫೈಲ್ ಹೋಗಲ್ಲ, ಜಾಗ ಬದಲಾಯಿಸುತ್ತೆ ಅಷ್ಟೇ, ಬಿನ್ ಖಾಲಿ ಮಾಡೋವರೆಗೂ ಒಂದು ಬೈಟೂ ವಾಪಸ್ ಬರಲ್ಲ. ಇದು ರೈಟರಿಗೆ ಗೊತ್ತಿಲ್ಲದ ವಿಷಯ ಏನಲ್ಲ. ಆದ್ರೆ ಡೆಸ್ಕ್‌ಟಾಪಲ್ಲಿ ಹೊರನಾಡು ಅಮ್ಮನವರ ಫೋಟೋ ಹಾಕಿದಾರೆ, ಕಸದಬುಟ್ಟಿ ಐಕಾನ್ ಸರಿಯಾಗಿ ಕಿರೀಟದ ಪಕ್ಕಕ್ಕೇ ಬಂದು ಕೂತಿತ್ತಂತೆ, ಅಪಚಾರ ಅಂತ ಯಾರ ಕೈಲೋ ಐಕಾನೇ ತೆಗೆಸಿದಾರೆ. ಕಣ್ಣಿಗೆ ಕಾಣದ ಬುಟ್ಟಿ ಮನಸ್ಸಿಂದಾನೂ ಹೋಯ್ತು, ಎರಡು ವರ್ಷ ಡಿಲೀಟ್ ಮಾಡಿದ್ದೆಲ್ಲಾ ಅಲ್ಲೇ ಬಿದ್ದಿತ್ತು. ಐಕಾನ್ ವಾಪಸ್ ತರಿಸಿ ಕೆಳಗಡೆ ಮೂಲೆಗೆ ಎಳೆಸಿದೀನಿ, ಅಮ್ಮನವರಿಗೂ ತೊಂದ್ರೆ ಇಲ್ಲ.

ಕ್ಯಾಮೆರಾ ಫೋಲ್ಡರ್ ಕಥೆ ಬೇರೆ. ಕಾಫಿ ಕಣಕ್ಕೆ, ಗೋಡೌನ್‌ಗೆ ಸಿಸಿಟಿವಿ ಹಾಕ್ಸಿದಾರೆ, ಅದರ ರೆಕಾರ್ಡಿಂಗ್ ಡಿವಿಆರ್ ಪೆಟ್ಟಿಗೆಯೊಳಗಿನ ಹಾರ್ಡ್‌ಡಿಸ್ಕಲ್ಲಿ ಆಗ್ತಾನೇ ಇದೆ. ಲ್ಯಾಪ್‌ಟಾಪಲ್ಲೂ ನೋಡೋಣ ಅಂತ ಕಂಪನಿ ಸಾಫ್ಟ್‌ವೇರ್ ಹಾಕಿದಾಗ ಅದರಲ್ಲಿ ಲೋಕಲ್ ರೆಕಾರ್ಡಿಂಗ್ ಅನ್ನೋದೂ ಆನ್ ಆಗಿದೆ, ಚಲನೆ ಕಂಡ್ರೆ ಕ್ಲಿಪ್ ಉಳಿಸು ಅಂತ. ಕೊಯ್ಲು ಟೈಮಲ್ಲಿ ಕಣದಲ್ಲಿ ಚಲನೆ ಅಂದ್ರೆ ಕೇಳ್ಬೇಕಾ, ಹಗಲು ಕಾಫಿ ಕೈಯಾಡಿಸೋ ಆಳುಗಳು, ರಾತ್ರಿ ನಾಯಿ, ಅದೂ ಇಲ್ಲ ಅಂದ್ರೆ ಗಾಳಿಗೆ ಟಾರ್ಪಾಲ್ ಪಟಪಟ ಅಂದ್ರೂ ಒಂದು ಕ್ಲಿಪ್. ಒಂದು ತೆಗೆದು ನೋಡಿ ಅಂದೆ, ನಾಲ್ಕು ನಿಮಿಷ ಪೂರ್ತಿ ಟಾರ್ಪಾಲಿನ ಒಂದು ಮೂಲೆ ಏಳೋದು ಬೀಳೋದು. ದಿನಾ ಕರಗ್ತಿದ್ದ ಎರಡು ಮೂರು ಜಿಬಿ ಇದೇ. ಹದಿನೈದು ದಿನ ಆದ್ಮೇಲೆ ಹಳೇದನ್ನ ಸಾಫ್ಟ್‌ವೇರೇ ಅಳಿಸುತ್ತೆ, ಹಂಗಾಗಿ 41ರ ಹತ್ರ ನಿಂತಿದೆ.

ನಿಂತ ಮೇಲೂ ಜಾಗ ಯಾಕೆ ಕಮ್ಮಿ ಆಗ್ತಾ ಹೋಯ್ತು? ಅಲ್ಲೇ ಆ 66 ಜಿಬಿ ಬರೋದು, ಇದು ಸ್ವಲ್ಪ ನಿಧಾನವಾಗಿ ಕೇಳಿ. ವಿಂಡೋಸಲ್ಲಿ ಸಿಸ್ಟಮ್ ರಿಸ್ಟೋರ್ ಅಂತ ಇದೆ, ಏನಾದ್ರೂ ಕೆಟ್ರೆ ಹಿಂದಿನ ದಿನಕ್ಕೆ ವಾಪಸ್ ಹೋಗೋಕೆ. ಅದಕ್ಕೋಸ್ಕರ ಒಂದು ದಿನ ಡಿಸ್ಕ್ ಹೇಗಿತ್ತು ಅಂತ ಗುರುತು ಇಟ್ಕೊಳ್ಳುತ್ತೆ, ಆಮೇಲೆ ಡಿಸ್ಕಿನ ಯಾವ ಜಾಗದ ಮೇಲೆ ಹೊಸದು ಬರೆದ್ರೂ ಅದಕ್ಕೆ ಮುಂಚೆ ಅಲ್ಲಿದ್ದ ಹಳೇದರ ನಕಲು ತೆಗೆದು ಬಚ್ಚಿಡುತ್ತೆ. ಮಾಮೂಲಿ ಲ್ಯಾಪ್‌ಟಾಪಲ್ಲಿ ಇದು ದೊಡ್ಡ ವಿಷಯ ಅಲ್ಲ. ಆದ್ರೆ ದಿನಾ ಎರಡು ಮೂರು ಜಿಬಿ ಟಾರ್ಪಾಲ್ ವಿಡಿಯೋ ಬರೆಯೋದು, ಅಷ್ಟೇ ಅಳಿಸೋದು, ಅಳಿಸಿದ ಜಾಗದ ಮೇಲೆ ಮತ್ತೆ ಬರೆಯೋದು ನಡೀತಿದ್ರೆ, ಅಳಿಸಿದ ಟಾರ್ಪಾಲಿನ ನಕಲೂ ಬಚ್ಚಿಡ್ತಾ ಹೋಗುತ್ತೆ ಪಾಪ, ಅದಕ್ಕೇನು ಗೊತ್ತು ಇದು ಬೇಡದ್ದು ಅಂತ. ಎಷ್ಟರವರೆಗೂ ಬಚ್ಚಿಡ್ಬೋದು ಅನ್ನೋಕೆ ಒಂದು ಮಿತಿ ಇರುತ್ತೆ, ಇವರ ಲ್ಯಾಪ್‌ಟಾಪಲ್ಲಿ ಅದನ್ನ ಯಾರೋ ಶೇಕಡಾ 30ಕ್ಕೆ ಎಳೆದಿಟ್ಟಿದ್ರು, ಅಂದ್ರೆ 71 ಜಿಬಿವರೆಗೂ ತಿನ್ನೋಕೆ ಲೈಸೆನ್ಸು. ಇನ್ನೂ ಐದು ಜಿಬಿ ಬಾಕಿ ಇತ್ತು.

ಸರಿ ಮಾಡಿದ್ದು ಹೀಗೆ. ಮೊದಲು ಕ್ಯಾಮೆರಾ ಸಾಫ್ಟ್‌ವೇರಲ್ಲಿ ಲೋಕಲ್ ರೆಕಾರ್ಡಿಂಗ್ ಆಫ್, ಡಿವಿಆರಲ್ಲಿ ಹೇಗಿದ್ರೂ ಇದೆ, ಆ ತಿಂಗಳು ಕಳ್ಳತನ ಗಿಳ್ಳತನ ಏನೂ ಆಗಿಲ್ಲ ಅಂತ ಖಾತ್ರಿ ಮಾಡ್ಕೊಂಡು ಹಳೇ ಕ್ಲಿಪ್‌ಗಳನ್ನ ಆ ಸಾಫ್ಟ್‌ವೇರ್ ಒಳಗಿಂದಾನೇ ಅಳಿಸಿದ್ವಿ. ಆಮೇಲೆ ಸ್ಟಾರ್ಟ್ ಮೆನುನಲ್ಲಿ ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್ ಅಂತ ಹುಡುಕಿ, ಬಂದ ಕಿಟಕೀಲಿ ಸಿ ಡ್ರೈವ್ ಆರಿಸಿ ಕಾನ್ಫಿಗರ್ ಒತ್ತಿ, ಮ್ಯಾಕ್ಸ್ ಯೂಸೇಜ್ ಅನ್ನೋ ಗೆರೆಯನ್ನ ಶೇಕಡಾ 5ಕ್ಕೆ ಎಳೆದ್ವಿ. ಪೂರ್ತಿ ಆಫ್ ಮಾಡ್ಬೇಡಿ, ಅಪ್‌ಡೇಟ್ ಎಡವಟ್ಟಾದಾಗ ಅದೇ ಕೈ ಹಿಡಿಯೋದು. ಕೊನೇಗೆ ಬಿನ್ ಖಾಲಿ. 237ರಲ್ಲಿ ಈಗ 118 ಖಾಲಿ ಇದೆ, ಜಾಗ ಇದೆ ಅನ್ನೋ ಅರ್ಥದ ಖಾಲಿ.

ಪೇಜ್‌ಫೈಲ್, ಹೈಬರ್‌ಫೈಲ್ ಮುಟ್ಲಿಲ್ಲ. ಪೇಜ್‌ಫೈಲ್ ಅಂದ್ರೆ ರ‍್ಯಾಮ್ ಸಾಲದಾದಾಗ ಡಿಸ್ಕಲ್ಲಿ ಇಟ್ಕೊಳ್ಳೋ ಹೆಚ್ಚುವರಿ ಜಾಗ, 8 ಜಿಬಿ ರ‍್ಯಾಮ್ ಇರೋರು ಅದಕ್ಕೆ ಕೈ ಹಾಕ್ಬಾರದು. ಹೈಬರ್‌ಫೈಲ್ ಹೈಬರ್ನೇಟ್‌ಗೆ, ಸಾಮಾನ್ಯವಾಗಿ ರ‍್ಯಾಮಿನ ಶೇಕಡಾ 40ರಷ್ಟಿರುತ್ತೆ, ಇವರದರಲ್ಲಿ 3.2 ಜಿಬಿ. ಅದನ್ನ ತೆಗೀಬೋದು, ಕಮಾಂಡ್ ಪ್ರಾಂಪ್ಟನ್ನ ಅಡ್ಮಿನ್ ಆಗಿ ತೆಗೆದು ಒಂದು ಸಾಲು ಟೈಪ್ ಮಾಡಿದ್ರೆ ಮುಗೀತು, ಆದ್ರೆ ತೆಗೆದ್ರೆ ಹೈಬರ್ನೇಟೂ ಹೋಗುತ್ತೆ, ಬೇಗ ಆನ್ ಆಗೋ ಫಾಸ್ಟ್ ಸ್ಟಾರ್ಟಪ್ಪೂ ಹೋಗುತ್ತೆ. ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದ ಊರಲ್ಲಿ ಬ್ಯಾಟರಿ ಸಾಯೋ ಮುಂಚೆ ಲೆಕ್ಕ ಉಳಿಸ್ಕೊಳ್ಳೋದು ಅದೇ ಹೈಬರ್ನೇಟ್, ಮೂರು ಜಿಬಿ ಆಸೆಗೆ ಅದನ್ನ ಕಳ್ಕೊಳ್ಳೋದು ದಡ್ಡತನ.

ಮತ್ತೆ ನಿಮ್ಮ ಅಳಿಯಂದ್ರಿಗೆ ಹೇಳಿ, ವೈರಸ್ ಇರ್ಬೋದು ಅಂತ ಅನುಮಾನ ಪಡೋದು ತಪ್ಪಲ್ಲ, ಸ್ಕ್ಯಾನೂ ಮಾಡಿದ್ವಿ, ಏನೂ ಸಿಗ್ಲಿಲ್ಲ. ನನ್ನ ಟೇಬಲ್ ಮೇಲೆ ಜಾಗ ಹೋಯ್ತು ಅಂತ ಬಂದ ಲ್ಯಾಪ್‌ಟಾಪ್‌ಗಳಲ್ಲಿ ಜಾಗ ತಿಂದೋನು ಯಾವಾಗ್ಲೂ ಮನೆಯೋನೇ.

ಪ್ರಶ್ನೆ: 512 ಜಿಬಿ ಅಂತ ಹೇಳಿ ಕೊಟ್ಟ ಹೊಸಾ ಲ್ಯಾಪ್‌ಟಾಪಲ್ಲಿ 476 ತೋರಿಸ್ತಿದೆ. 36 ಜಿಬಿ ಅಂಗಡಿಯೋರು ಹೊಡೆದ್ರಾ? ಅಪ್ಪ ಜಗಳಕ್ಕೆ ಹೊರಟಿದಾರೆ.
(ಇಂಜಿನಿಯರಿಂಗ್ ವಿದ್ಯಾರ್ಥಿನಿ, ಹಾಸನ)

ಉತ್ತರ: ಅಪ್ಪನ್ನ ಬಾಗಿಲಲ್ಲೇ ತಡೀರಿ. ಡಿಸ್ಕ್ ತಯಾರಿಸೋರು ಒಂದು ಜಿಬಿ ಅಂದ್ರೆ 100 ಕೋಟಿ ಬೈಟ್ ಅಂತ ಲೆಕ್ಕ ಹಾಕ್ತಾರೆ, ವಿಂಡೋಸ್ 1024ನ್ನ ಮೂರು ಸಲ ಗುಣಿಸಿ, ಅಂದ್ರೆ 107 ಕೋಟಿ ಚಿಲ್ಲರೆ ಬೈಟಿಗೆ ಒಂದು ಜಿಬಿ ಅನ್ನುತ್ತೆ. ಅಕ್ಕಿ ಅಷ್ಟೇ, ಅಳೆಯೋ ಸೇರು ದೊಡ್ಡದು. 256 ತಗೊಂಡ್ರೆ 238, 1 ಟಿಬಿ ತಗೊಂಡ್ರೆ 931, 64ರ ಪೆನ್‌ಡ್ರೈವ್ 59 ಚಿಲ್ಲರೆ. ಅದ್ರಲ್ಲೂ ರಿಕವರಿಗೆ ಅಂತ ಸಣ್ಣ ಪಾರ್ಟಿಶನ್, ಅಂದ್ರೆ ಡಿಸ್ಕಿನ ಒಂದು ಭಾಗ, ತೆಗೆದಿಟ್ಟಿದ್ರೆ ಇನ್ನೂ ಒಂದು ಜಿಬಿ ಕಮ್ಮಿ ಕಾಣ್ಬೋದು. ಅಂಗಡಿಯೋರು ಬ್ಯಾಗ್ ಫ್ರೀ ಕೊಟ್ರಾ ಇಲ್ವಾ, ಜಗಳ ಆಡೋದಾದ್ರೆ ಅದಕ್ಕೆ ಆಡಿ.

ಪ್ರಶ್ನೆ: ವಿಂಡೋಸ್ ಫೋಲ್ಡರ್ ಒಳಗೆ ವಿನ್‌ಎಸ್ಎಕ್ಸ್‌ಎಸ್ ಅಂತ ಒಂದು ಫೋಲ್ಡರ್ 14 ಜಿಬಿ ಇದೆ. ಯೂಟ್ಯೂಬಲ್ಲಿ ಒಬ್ಬರು ಇದು ಬರೀ ಕಸ, ಡಿಲೀಟ್ ಮಾಡಿ ಅಂತ ತೋರಿಸಿದಾರೆ. ನಾನು ಮಾಡೋಕೆ ಹೋದ್ರೆ ಪರ್ಮಿಶನ್ ಇಲ್ಲ ಅನ್ನುತ್ತೆ. ಪರ್ಮಿಶನ್ ತಗೊಳ್ಳೋದು ಹೇಗೆ?
(ಪ್ರೌಢಶಾಲೆ ಶಿಕ್ಷಕರು, ಕಡೂರು)

ಉತ್ತರ: ಮೇಷ್ಟ್ರೇ, ಕೈ ಮುಗೀತೀನಿ, ಪರ್ಮಿಶನ್ ತಗೋಬೇಡಿ. ಆ ಫೋಲ್ಡರು ವಿಂಡೋಸಿನ ಉಗ್ರಾಣ. ಅಪ್‌ಡೇಟ್ ಬಂದಾಗ, ಯಾವುದಾದ್ರೂ ಫೈಲ್ ಕೆಟ್ಟಾಗ ವಿಂಡೋಸ್ ಅಲ್ಲಿಂದಾನೇ ತಗೊಂಡು ರಿಪೇರಿ ಮಾಡ್ಕೊಳ್ಳುತ್ತೆ. ಅಲ್ದೆ ಆ 14 ಜಿಬಿ ಅನ್ನೋದೇ ಪೂರ್ತಿ ನಿಜ ಅಲ್ಲ. ಅಲ್ಲಿರೋ ಎಷ್ಟೋ ಫೈಲು ಡಿಸ್ಕಿನ ಮೇಲೆ ಒಂದೇ ಸಲ ಇರುತ್ತೆ, ಹೆಸರು ಮಾತ್ರ ಎರಡು ಕಡೆ, ಹಾರ್ಡ್ ಲಿಂಕ್ ಅಂತಾರೆ ಅದಕ್ಕೆ. ಒಬ್ಬನೇ ಹುಡುಗನ ಹೆಸರು ಎರಡು ಹಾಜರಿ ಪುಸ್ತಕದಲ್ಲಿದ್ರೆ ಇಬ್ಬರು ಹುಡುಗ್ರು ಆಗಲ್ವಲ್ಲ, ಆದ್ರೆ ಫೋಲ್ಡರ್ ಪ್ರಾಪರ್ಟೀಸ್ ಇಬ್ಬರು ಅಂತ ಎಣಿಸುತ್ತೆ.

ನಿಮಗೆ ನಿಜವಾಗ್ಲೂ ಜಾಗ ಬೇಕು ಅಂದ್ರೆ ಡಿಸ್ಕ್ ಕ್ಲೀನಪ್ ತೆಗೆದು ಕ್ಲೀನ್ ಅಪ್ ಸಿಸ್ಟಮ್ ಫೈಲ್ಸ್ ಅನ್ನೋ ಬಟನ್ ಒತ್ತಿ, ಅದರಲ್ಲಿ ವಿಂಡೋಸ್ ಅಪ್‌ಡೇಟ್ ಕ್ಲೀನಪ್ ಅಂತ ಒಂದು ಸಾಲು ಬರುತ್ತೆ, ಅದಕ್ಕೆ ಟಿಕ್ ಹಾಕಿ. ಆ ಉಗ್ರಾಣದಲ್ಲಿ ನಿಜವಾಗ್ಲೂ ಹಳಸಿದ್ದು ಯಾವುದು ಅಂತ ವಿಂಡೋಸಿಗೆ ಗೊತ್ತು, ಅದೇ ತೆಗೆಯುತ್ತೆ. ಸ್ವಲ್ಪ ಹೊತ್ತು ಹಿಡಿಯುತ್ತೆ, ಮಧ್ಯ ಆಫ್ ಮಾಡ್ಬೇಡಿ.

ಇಷ್ಟು ಖಡಾಖಂಡಿತವಾಗಿ ಹೇಳೋಕೆ ಕಾರಣ ಇದೆ, ಹೇಳ್ಕೊಳ್ಳೋಕೆ ನಾಚಿಕೆ. ಅಂಗಡಿ ಶುರು ಮಾಡಿದ ಹೊಸದರಲ್ಲಿ ಒಬ್ಬ ಆಡಿಟರ್ ಆಫೀಸಿನ ಕಂಪ್ಯೂಟರ್ ಬಂತು, ಸಿ ಡ್ರೈವ್ ಫುಲ್. ನಾನು ಹುಮ್ಮಸ್ಸಲ್ಲಿ ಹುಡುಕ್ತಾ ಹೋದಾಗ ವಿಂಡೋಸ್ ಫೋಲ್ಡರ್ ಒಳಗೆ ಇನ್‌ಸ್ಟಾಲರ್ ಅಂತ ಹಿಡನ್ ಫೋಲ್ಡರ್ ಸಿಕ್ತು, 9 ಜಿಬಿ. ಹೆಸರೇ ಇನ್‌ಸ್ಟಾಲರ್, ಇನ್‌ಸ್ಟಾಲ್ ಎಲ್ಲಾ ಯಾವತ್ತೋ ಆಗಿದ್ಯಲ್ಲ ಅಂದ್ಕೊಂಡು ಶಿಫ್ಟ್ ಡಿಲೀಟ್ ಹೊಡೆದೆ. ಆಡಿಟರ್ ಖುಷಿ, ನಾನೂ ಖುಷಿ, ದುಡ್ಡು ಇಸ್ಕೊಂಡೆ. ಒಂದು ತಿಂಗಳಾದ್ಮೇಲೆ, ರಿಟರ್ನ್ಸ್ ಹಾಕೋ ಕೊನೇ ವಾರ, ಅವರ ಲೆಕ್ಕದ ಸಾಫ್ಟ್‌ವೇರಿಗೆ ಅಪ್‌ಡೇಟ್ ಬಂತು. ಅಪ್‌ಡೇಟೂ ಆಗ್ತಿಲ್ಲ, ಅನ್‌ಇನ್‌ಸ್ಟಾಲೂ ಆಗ್ತಿಲ್ಲ, ಎಲ್ಲೋ ಇರ್ಬೇಕಾದ ಫೈಲ್ ಇಲ್ಲ ಅಂತ ಬಡ್ಕೊಳ್ಳುತ್ತೆ. ಆ ಫೋಲ್ಡರಲ್ಲಿದ್ದಿದ್ದು ಅದೇ, ಪ್ರೋಗ್ರಾಂಗಳನ್ನ ತೆಗೆಯೋಕೆ, ರಿಪೇರಿ ಮಾಡೋಕೆ, ಅಪ್‌ಡೇಟ್ ಮಾಡೋಕೆ ಬೇಕಾದ ಫೈಲುಗಳು. ರಾತ್ರಿ ಹತ್ತರಿಂದ ಬೆಳಗ್ಗೆ ಐದರವರೆಗೂ ಕೂತು ಡೇಟಾ ತೆಗೆದು ವಿಂಡೋಸ್ ಹೊಸದಾಗಿ ಹಾಕಿ ಎಲ್ಲಾ ಮತ್ತೆ ಜೋಡಿಸಿಕೊಟ್ಟೆ, ಆಡಿಟರ್ ಒಂದು ಮಾತೂ ಬೈಲಿಲ್ಲ, ಎದುರಿಗೆ ಕುರ್ಚಿ ಹಾಕ್ಕೊಂಡು ಸುಮ್ನೆ ನೋಡ್ತಾ ಕೂತಿದ್ರು. ಬೈದಿದ್ರೆ ಚೆನ್ನಾಗಿತ್ತು.

ಅವತ್ತಿಂದ ವಿಂಡೋಸ್ ಅನ್ನೋ ಫೋಲ್ಡರ್ ಒಳಗೆ ನಾನು ಕೈಯಾರೆ ಡಿಲೀಟ್ ಮಾಡೋದು ಟೆಂಪ್ ಫೋಲ್ಡರಿನ ಒಳಗಿರೋದು ಮಾತ್ರ. ಅಂದ ಹಾಗೆ ನಿಮ್ಮ ಶಾಲೇಲಿ ಇನ್ನೂ ವಿಂಡೋಸ್ 7ರ ಹಳೇ ಕಂಪ್ಯೂಟರ್ ಇದ್ರೆ ಆ ಟೆಂಪ್ ಫೋಲ್ಡರ್ ಒಂದ್ಸಲ ನೋಡಿ. ಅದರಲ್ಲಿ ಒಂದು ಹಳೇ ರೋಗ ಇದೆ, ಸಿಬಿಎಸ್ ಅನ್ನೋ ಲಾಗ್ ಫೈಲ್ 2 ಜಿಬಿ ದಾಟಿದ್ರೆ ಅದನ್ನ ಕಂಪ್ರೆಸ್ ಮಾಡೋಕೆ ಹೋಗಿ ಸೋತು, ಅರ್ಧಂಬರ್ಧ ಫೈಲನ್ನ ಟೆಂಪಲ್ಲಿ ಬಿಟ್ಟು, ಮತ್ತೆ ಟ್ರೈ ಮಾಡಿ ಮತ್ತೆ ಸೋತು, ಹೀಗೆ ಕ್ಯಾಬ್ ಅಂತ ಶುರುವಾಗೋ ಹೆಸರಿನ ಫೈಲುಗಳಿಂದಾನೇ ಡಿಸ್ಕ್ ತುಂಬಿಸಿಬಿಡುತ್ತೆ. ಆ ಕ್ಯಾಬ್ ಫೈಲುಗಳನ್ನೂ ಆ ದೊಡ್ಡ ಲಾಗ್ ಫೈಲನ್ನೂ ಎರಡನ್ನೂ ಅಳಿಸ್ಬೇಕು, ಒಂದೇ ಅಳಿಸಿದ್ರೆ ನಾಳೆ ಮತ್ತೆ ಶುರು.

ಪ್ರಶ್ನೆ: ದೀಪಾವಳಿಗೆ ಮಗ ಬೆಂಗಳೂರಿಂದ ಬಂದಿದ್ದ, ಹಾಸನಾಂಬೆ ದರ್ಶನ ಮಾಡ್ಕೊಂಡು ಎರಡು ದಿನ ಇದ್ದು ಹೋದ. ಅವನು ಹೋದ್ಮೇಲೆ ನನ್ನ ಲ್ಯಾಪ್‌ಟಾಪಲ್ಲಿ ಸುಮಾರು 80 ಜಿಬಿ ಇಲ್ಲ. ಕೇಳಿದ್ರೆ ನಾನೇನೂ ಮಾಡಿಲ್ಲಮ್ಮ, ಫೋನ್ ಚಾರ್ಜಿಗೆ ಹಾಕಿದ್ದೆ ಅಷ್ಟೇ ಅಂತಾನೆ. ನಾನು ಹೊಲಿಗೆ ವಿಡಿಯೋ ನೋಡೋದು ಬಿಟ್ರೆ ಅದನ್ನ ಬೇರೆ ಯಾವುದಕ್ಕೂ ಬಳಸಲ್ಲ.
(ಗೃಹಿಣಿ, ಸಕಲೇಶಪುರ)

ಉತ್ತರ: ಅಮ್ಮಾ, ಮಗ ಸುಳ್ಳು ಹೇಳಿಲ್ಲ, ಅವನಿಗೆ ಗೊತ್ತಿಲ್ಲ ಅಷ್ಟೇ. ಅವನದು ಐಫೋನ್ ಅಲ್ವಾ? ನಿಮ್ಮ ಲ್ಯಾಪ್‌ಟಾಪಲ್ಲಿ ಐಟ್ಯೂನ್ಸ್ ಹಾಕಿರ್ಬೇಕು, ಅವನೇ ಯಾವತ್ತೋ ಹಾಕಿರ್ತಾನೆ. ವೈರ್ ಚುಚ್ಚಿದಾಗ ಈ ಕಂಪ್ಯೂಟರನ್ನ ನಂಬ್ಲಾ ಅಂತ ಫೋನ್ ಕೇಳುತ್ತೆ, ಹೂಂ ಅಂತಾನೆ, ಬ್ಯಾಕಪ್ಪು ತಾನಾಗೇ ಆಗ್ಲಿ ಅಂತ ಸೆಟ್ಟಿಂಗ್ ಇದ್ರೆ ಇಡೀ ಫೋನಿನ ಫೋಟೋ ವಿಡಿಯೋ ಎಲ್ಲಾ ನಿಮ್ಮ ಲ್ಯಾಪ್‌ಟಾಪಿಗೆ ನಕಲಾಗುತ್ತೆ. ಅದು ಕೂರೋದು ಯೂಸರ್ಸ್ ಒಳಗೆ ನಿಮ್ಮ ಹೆಸರಿನ ಫೋಲ್ಡರಲ್ಲಿ, ಆ್ಯಪ್‌ಡೇಟಾ ಅನ್ನೋ ಹಿಡನ್ ಫೋಲ್ಡರ್ ಒಳಗೆ, ಮೊಬೈಲ್‌ಸಿಂಕ್ ಅನ್ನೋದರಲ್ಲಿ. ಅಲ್ಲಿ ಹೋಗಿ ಅಳಿಸೋ ಮುಂಚೆ ಮಗನಿಗೆ ಒಂದು ಫೋನ್ ಮಾಡಿ, ಬೇರೆ ಬ್ಯಾಕಪ್ ಇದ್ಯೇನಪ್ಪಾ ಅಂತ ಕೇಳಿ. ಇಲ್ಲ ಅಂದ್ರೆ ಬಿಟ್ಟುಬಿಡಿ, ಅವನ ಫೋನ್ ಕಳೆದುಹೋದ ದಿನ ನಿಮ್ಮ ಹೊಲಿಗೆ ಲ್ಯಾಪ್‌ಟಾಪೇ ಅವನಿಗೆ ಆಪದ್ಬಾಂಧವ. ಇದೆ ಅಂದ್ರೆ ಐಟ್ಯೂನ್ಸಿನ ಪ್ರಿಫರೆನ್ಸಸ್‌ನಲ್ಲಿ ಡಿವೈಸಸ್ ಅಂತ ಇದೆ, ಅಲ್ಲಿ ಬ್ಯಾಕಪ್ಪಿನ ಪಟ್ಟಿ ಬರುತ್ತೆ, ಅಲ್ಲಿಂದ ಡಿಲೀಟ್ ಮಾಡಿ.

ಇನ್ನೊಬ್ಬ ಅನುಮಾನಿತನೂ ಇದಾನೆ. ಆ ಎರಡು ದಿನದಲ್ಲಿ ವಿಂಡೋಸಿನ ವರ್ಷಕ್ಕೊಂದು ಬರೋ ದೊಡ್ಡ ಅಪ್‌ಡೇಟ್ ಆಗಿದ್ರೆ, ಹಳೇ ವಿಂಡೋಸನ್ನ ಪೂರ್ತಿ ವಿಂಡೋಸ್ ಡಾಟ್ ಓಲ್ಡ್ ಅನ್ನೋ ಫೋಲ್ಡರಲ್ಲಿ ಎತ್ತಿಡುತ್ತೆ, ಇಪ್ಪತ್ತು ಜಿಬಿ ಸುಲಭವಾಗಿ ಹಿಡಿಯುತ್ತೆ. ಅದಕ್ಕೇನೂ ಮಾಡ್ಬೇಡಿ, ಹತ್ತು ದಿನಕ್ಕೆ ಅದೇ ಹೋಗುತ್ತೆ. ಈ ಪತ್ರಿಕೆ ನಿಮ್ಮ ಕೈಗೆ ಬರೋ ಹೊತ್ತಿಗೆ ಹೋಗಿರುತ್ತೆ.

ಒಂದು ಎಚ್ಚರಿಕೆ. ಸೆಟ್ಟಿಂಗ್ಸಲ್ಲಿ ಸ್ಟೋರೇಜ್, ಅದರಲ್ಲಿ ಟೆಂಪರರಿ ಫೈಲ್ಸ್ ಅಂತ ಇದೆ, ಬಿಡುವಿದ್ದಾಗ ಅಲ್ಲಿ ಕ್ಲೀನ್ ಮಾಡ್ಕೊಳ್ಳೋದು ಒಳ್ಳೇದೇ, ಆದ್ರೆ ಆ ಪಟ್ಟೀಲಿ ಡೌನ್‌ಲೋಡ್ಸ್ ಅಂತಾನೂ ಒಂದು ಸಾಲಿರುತ್ತೆ, ಎಲ್ಲದಕ್ಕೂ ಟಿಕ್ ಹಾಕೋ ಹುಮ್ಮಸ್ಸಲ್ಲಿ ಅದಕ್ಕೂ ಹಾಕ್ಬೇಡಿ. ಕರೆಂಟ್ ಬಿಲ್ಲು, ಆಧಾರು, ಪಹಣಿ ಎಲ್ಲಾ ಜನ ಡೌನ್‌ಲೋಡ್ಸಲ್ಲೇ ಇಟ್ಕೊಂಡಿರ್ತಾರೆ.

ಪ್ರಶ್ನೆ: ಅಣ್ಣಾ, ಮದುವೆ ವಿಡಿಯೋ ಎಡಿಟ್ ಮಾಡ್ತೀನಿ. ಫೂಟೇಜ್ ಎಲ್ಲಾ ಹೊರಗಿನ ಹಾರ್ಡ್‌ಡಿಸ್ಕಲ್ಲೇ ಇಡ್ತೀನಿ, ಲ್ಯಾಪ್‌ಟಾಪಲ್ಲಿ ಬರೀ ಪ್ರೀಮಿಯರ್ ಮಾತ್ರ, ಆದ್ರೂ ಪ್ರತಿ ಸೀಸನ್ನಲ್ಲೂ ಸಿ ಡ್ರೈವ್ ತುಂಬುತ್ತೆ.
(ಸ್ಟುಡಿಯೋ ಹುಡುಗ, ಬೇಲೂರು)

ಉತ್ತರ: ಫೂಟೇಜ್ ಹೊರಗಿದ್ರೂ ಪ್ರೀಮಿಯರ್ ತನ್ನ ಅನುಕೂಲಕ್ಕೆ ಮೀಡಿಯಾ ಕ್ಯಾಶ್ ಅಂತ ತಾತ್ಕಾಲಿಕ ಫೈಲುಗಳನ್ನ ಮಾಡ್ಕೊಳ್ಳೋದು ಸಿ ಡ್ರೈವಲ್ಲೇ, ಅದೇ ಆ್ಯಪ್‌ಡೇಟಾ ಒಳಗೆ. ಓಲಗದ ಆಡಿಯೋ ಗೆರೆ ನಿನ್ನ ಟೈಮ್‌ಲೈನಲ್ಲಿ ಕಾಣುತ್ತಲ್ಲ, ಅದಕ್ಕೂ ಒಂದು ಫೈಲ್. ಮದುವೆ ಮುಗಿದು, ಆಲ್ಬಂ ಕೊಟ್ಟು, ಪೂರ್ತಿ ದುಡ್ಡೂ ಬಂದ್ಮೇಲೂ ಅದು ಅಲ್ಲೇ ಇರುತ್ತೆ, ನೀನು ಹೇಳೋವರೆಗೂ ಅಳಿಸಲ್ಲ. ಪ್ರಿಫರೆನ್ಸಸ್, ಮೀಡಿಯಾ ಕ್ಯಾಶ್ ಅಂತ ಹೋಗು, ಡಿಲೀಟ್ ಮಾಡು, ಫೂಟೇಜಿಗೆ ಏನೂ ಆಗಲ್ಲ, ಹಳೇ ಪ್ರಾಜೆಕ್ಟ್ ಮತ್ತೆ ತೆಗೆದ್ರೆ ಅದೇ ಹೊಸದಾಗಿ ಮಾಡ್ಕೊಳ್ಳುತ್ತೆ, ಸ್ವಲ್ಪ ಕಾಯ್ಬೇಕು ಅಷ್ಟೇ. ಅಲ್ಲೇ ಇಷ್ಟು ದಿನಕ್ಕಿಂತ ಹಳೇದನ್ನ ತಾನಾಗೇ ಅಳಿಸು ಅನ್ನೋ ಆಯ್ಕೆನೂ ಇದೆ, ಹಾಕಿಡು. ಸ್ಟಿಲ್ ಫೋಟೋಗೆ ಲೈಟ್‌ರೂಮ್ ಬಳಸಿದ್ರೆ ಅದರ ಪ್ರೀವ್ಯೂ ಫೈಲೂ ಹಿಂಗೇ ಊದಿಕೊಳ್ಳುತ್ತೆ, ಅದನ್ನೂ ನೋಡು. ಕ್ಯಾಟಲಾಗ್ ಫೈಲ್ ಮಾತ್ರ ಮುಟ್ಬೇಡ, ನಿನ್ನ ಎಡಿಟ್ಟಿನ ಲೆಕ್ಕ ಎಲ್ಲಾ ಅದರಲ್ಲಿರುತ್ತೆ.

ಪ್ರಶ್ನೆ: ಜಾಗ ಸಾಲದು ಅಂತ ಪಿಕ್ಚರ್ಸ್ ಫೋಲ್ಡರಿಂದ ಫೋಟೋಗಳನ್ನ ಅಳಿಸಿದೆ, ಒನ್‌ಡ್ರೈವಲ್ಲಿ ಇದ್ದೇ ಇದ್ಯಲ್ಲ ಅಂತ. ಈಗ ಅಲ್ಲೂ ಇಲ್ಲ. ಮಗಳ ನಾಮಕರಣದ ಫೋಟೋ ಸರ್.
(ಬ್ಯಾಂಕ್ ನೌಕರರು, ಚಿಕ್ಕಮಗಳೂರು)

ಉತ್ತರ: ಮೊದಲು ಇವತ್ತೇ, ಈ ಪುಟ ಮಡಚಿಟ್ಟು, ಬ್ರೌಸರಲ್ಲಿ ಒನ್‌ಡ್ರೈವ್ ತೆಗೆದು ಎಡಗಡೆ ಇರೋ ರೀಸೈಕಲ್ ಬಿನ್ ನೋಡಿ. ಸ್ವಂತ ಅಕೌಂಟಾದ್ರೆ ಅಳಿಸಿದ್ದು 30 ದಿನ ಅಲ್ಲಿರುತ್ತೆ, ರಿಸ್ಟೋರ್ ಒತ್ತಿದ್ರೆ ವಾಪಸ್ ಬರುತ್ತೆ. ಲ್ಯಾಪ್‌ಟಾಪಿನ ಬಿನ್ನೂ ನೋಡಿ.

ಸಿಕ್ತಾ? ಈಗ ಕಾರಣ ಕೇಳಿ. ಒನ್‌ಡ್ರೈವ್ ಬೀರುವಿನ ಥರ ಅಲ್ಲ, ಕನ್ನಡಿ ಥರ. ಇಲ್ಲಿ ಅಳಿಸಿದ್ರೆ ಅಲ್ಲೂ ಅಳಿಯುತ್ತೆ. ನಿಮಗೆ ಬೇಕಾಗಿದ್ದಿದ್ದು ಡಿಲೀಟ್ ಅಲ್ಲ, ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿದ್ರೆ ಬರೋ ಫ್ರೀ ಅಪ್ ಸ್ಪೇಸ್. ಅದನ್ನ ಒತ್ತಿದ್ರೆ ಫೈಲ್ ಕ್ಲೌಡಲ್ಲಿ ಉಳಿದು, ಲ್ಯಾಪ್‌ಟಾಪಲ್ಲಿ ಹೆಸರು ಮಾತ್ರ ಇರುತ್ತೆ, ಪಕ್ಕದಲ್ಲಿ ಸಣ್ಣ ಮೋಡದ ಗುರುತು. ತೆಗೆದಾಗ ಇಳಿಯುತ್ತೆ, ಇಂಟರ್ನೆಟ್ ಬೇಕು. ಫ್ರೀ ಕೊಡೋದು 5 ಜಿಬಿ ಮಾತ್ರ ಅನ್ನೋದೂ ನೆನಪಿರ್ಲಿ, ಅದು ತುಂಬಿದ ಮೇಲಿನ ಫೋಟೋ ಮೇಲೆ ಹೋಗಿರೋದೇ ಇಲ್ಲ, ಮೋಡದ ಗುರುತು ಅಥವಾ ಹಸಿರು ಟಿಕ್ ಇದ್ಯಾ ನೋಡ್ಕೊಂಡೇ ಮುಂದುವರೀರಿ. ನಾಮಕರಣದ್ದು, ಮದುವೇದು ಒಂದು ಹೊರಗಿನ ಹಾರ್ಡ್‌ಡಿಸ್ಕಿಗೂ ಹಾಕಿ ಬೀರುವಲ್ಲಿಡಿ, ನಿಜವಾದ ಬೀರು.

ಪ್ರಶ್ನೆ: ಸಿ 100 ಜಿಬಿ ಫುಲ್, ಡಿ 376 ಜಿಬಿ ಪೂರ್ತಿ ಖಾಲಿ. ಡಿ ಇಂದ ಸ್ವಲ್ಪ ಕಿತ್ತು ಸಿಗೆ ಕೊಡ್ಬೋದಾ?
(ಆಲೂಗಡ್ಡೆ ವ್ಯಾಪಾರಿ, ಹಾಸನ)

ಉತ್ತರ: ಕೊಡ್ಬೋದು, ಆದ್ರೆ ಬದು ಒಡೆಯೋದು ಅಷ್ಟು ಸುಲಭ ಇಲ್ಲ. ವಿಂಡೋಸಿನ ಡಿಸ್ಕ್ ಮ್ಯಾನೇಜ್ಮೆಂಟಲ್ಲಿ ಸಿ ದೊಡ್ಡದಾಗ್ಬೇಕು ಅಂದ್ರೆ ಅದಕ್ಕೆ ಅಂಟಿಕೊಂಡಿರೋ ಬಲಗಡೆ ಜಾಗವೇ ಬಿಡುವಾಗಿರ್ಬೇಕು. ಡಿ ಯನ್ನ ಶ್ರಿಂಕ್ ಮಾಡಿದ್ರೆ ಜಾಗ ಬಿಡುವಾಗೋದು ಡಿ ಯ ಆಚೆ ತುದೀಲಿ, ಸಿ ಪಕ್ಕದಲ್ಲಿ ಅಲ್ಲ, ಅಲ್ಲೇ ಎಲ್ಲರೂ ಒದ್ದಾಡೋದು. ಡಿ ನಿಜವಾಗ್ಲೂ ಪೂರ್ತಿ ಖಾಲಿ ಇದ್ದು, ನಡುವೆ ಬೇರೆ ಪಾರ್ಟಿಶನ್ ಇಲ್ಲದಿದ್ರೆ ಡಿ ಯನ್ನೇ ಅಳಿಸಿ ಸಿ ಯನ್ನ ಎಕ್ಸ್‌ಟೆಂಡ್ ಮಾಡಿ. ಅಳಿಸೋ ಮುಂಚೆ ಡಿ ಯನ್ನ ಒಂದ್ಸಲ ವಿಜ್‌ಟ್ರೀಯಲ್ಲಿ ನೋಡಿ, ಪೂರ್ತಿ ಖಾಲಿ ಅಂದ್ರಲ್ಲ, ಯಾವ ಖಾಲಿ ಅಂತ.